ಹುಸೇನಪ್ಪನ ಹೇಳಿಕೆ

ಕಾಗದದ ಮೇಲೆ ಇದ್ದದ್ದನ್ನು ಮಾತ್ರ ನಂಬುವ ಮನುಷ್ಯ ನಾನು. ಯಾರಾದರೂ ದೆವ್ವ ಕಂಡೆ, ಸತ್ತವರ ದನಿ ಕೇಳಿದೆ ಎಂದರೆ ಆಗ ಜ್ವರವೇನಾದರೂ ಇತ್ತೇ ಎಂದು ಕೇಳುತ್ತಿದ್ದೆ. ಈಗಲೂ ದೆವ್ವ ಇದೆ ಎಂದು ನಾನು ಹೇಳಲಾರೆ. ಆದರೆ ಎಪ್ಪತ್ತರ ದಶಕದ ಕೊನೆಯಲ್ಲಿ ನನಗೇ ಆದದ್ದೊಂದಿದೆ. ಅದನ್ನು ಆದ ಹಾಗೆ ಹೇಳುತ್ತೇನೆ. ನೀವು ನಂಬಲೇಬೇಕೆಂದಿಲ್ಲ.

ಆಗ ನಾನು ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ನಮ್ಮ ಕಡೆ ಮನೆಯ ಬೀಸುವ ಕಲ್ಲು ಮೂಲೆ ಸೇರಿ, ಇಂಜಿನ್ನಿನ ಹಿಟ್ಟಿನ ಗಿರಣಿ ಊರೂರಿಗೆ ಬಂದದ್ದು ಹೇಗೆ ಎಂದು ಒಂದು ಸಣ್ಣ ಪುಸ್ತಕ ಬರೆಯುವ ಹುಚ್ಚು ಹಿಡಿದಿತ್ತು. ಬೇಸಿಗೆ ರಜೆಯಲ್ಲಿ ಸರ್ಕಾರಿ ದಾಖಲೆ ಕೊಠಡಿಯಲ್ಲಿ ಕೂತು ಬಳ್ಳಾರಿ ಮದ್ರಾಸಿಗೆ ಸೇರಿದ್ದ ಕಾಲದ ಕಡತಗಳನ್ನು ಬಿಚ್ಚುತ್ತಿದ್ದೆ. ಲೈಸೆನ್ಸ್ ಕೇಳಿದ ಅರ್ಜಿಗಳು, ಇಂಜಿನ್ನಿನ ಸದ್ದಿಗೆ ಎಮ್ಮೆ ಹಾಲು ಕೊಡುತ್ತಿಲ್ಲ ಎಂಬ ನೆರೆಯವರ ದೂರು, ಹಿಟ್ಟಿನಲ್ಲಿ ಕಲ್ಲಿನ ಪುಡಿ ಬರುತ್ತಿದೆ ಎಂಬ ಇನ್‌ಸ್ಪೆಕ್ಟರನ ಷರಾ. ಕೆಲವು ಇಂಗ್ಲಿಷು, ಕೆಲವು ತೆಲುಗು, ಕೆಲವು ಕನ್ನಡ. ಹೊರಗೆ ಒಯ್ಯುವಂತಿರಲಿಲ್ಲವಾದ್ದರಿಂದ ಅಕ್ಷರಕ್ಕೆ ಅಕ್ಷರ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆ. ಸಂಜೆ ಅಲ್ಲಿಯ ಗುಮಾಸ್ತ ಶಾಮರಾಯರು ಮೂಲ ಕಾಗದವನ್ನು ಗಟ್ಟಿಯಾಗಿ ಓದುವರು, ನಾನು ನನ್ನ ಪ್ರತಿಯ ಸಾಲುಸಾಲಿಗೂ ಟಿಕ್ ಹಾಕುವೆ, ಕೊನೆಗೆ ಅವರು ಕೆಳಗೆ ಸಹಿ ಮಾಡುವರು.

ಆ ಕಡತಗಳಲ್ಲಿ ಒಂದು ಕುರುಗೋಡಿನ ಗಿರಣಿಯದು. ಅಲ್ಲಿ ಹಿಟ್ಟು ಗುಡಿಸುತ್ತಿದ್ದ ತಿಪ್ಪಮ್ಮ ಎಂಬಾಕೆ ಇಂಜಿನ್ನಿನ ಬೆಲ್ಟಿಗೆ ಸೀರೆ ಸಿಕ್ಕಿ ಸತ್ತಿದ್ದಳು. ಒಬ್ಬನೇ ಸಾಕ್ಷಿ ಹುಸೇನಪ್ಪ, ಸವೆದ ಗಿರಣಿಕಲ್ಲಿಗೆ ಉಳಿಯಿಂದ ಕುಟ್ಟಿ ಹಲ್ಲು ಹಾಕುವವನು. ಅವನು ಹೆಬ್ಬೆಟ್ಟೊತ್ತಿದ ಹೇಳಿಕೆ ಕನ್ನಡದಲ್ಲಿ ಒಂದು ಪುಟವಿತ್ತು. ಅಂದು ಇಪ್ಪತ್ತು ಪುಟ ಇಳಿಸಿಕೊಂಡಿದ್ದೆ. ಕೈ ಬರೆಯುತ್ತಿತ್ತೇ ಹೊರತು ಮನಸ್ಸು ಓದುತ್ತಿರಲಿಲ್ಲ. ಹೆಂಗಸಿನ ಅಜಾಗರೂಕತೆ ಎಂದು ಇನ್‌ಸ್ಪೆಕ್ಟರ್ ಮುಗಿಸಿದ್ದಷ್ಟೇ ನೆನಪಿತ್ತು.

ಮುಂದಿನ ಭಾನುವಾರ ಕುರುಗೋಡಿಗೆ ಹೋದೆ. ಗಿರಣಿಯ ಜಾಗದಲ್ಲಿ ಇಂಜಿನ್ ಕೂರಿಸಿದ್ದ ಕಟ್ಟೆಯೊಂದೇ ಉಳಿದಿತ್ತು. ಮಾಲೀಕ ಸತ್ತು ಎಷ್ಟೋ ವರ್ಷವಾಗಿತ್ತು. ಎದುರಿನ ಅಂಗಡಿಯಾತ, "ಹುಸೇನಪ್ಪ ಇನ್ನೂ ಅದಾನ್ರಿ, ಸಿರುಗುಪ್ಪದಾಗ. ಆ ತಿಪ್ಪಮ್ಮನ ಮಗಳನ್ನ ತಾನ ಸಾಕಿ ದೊಡ್ಡಾಕಿನ್ನ ಮಾಡ್ಯಾನ. ಈಗ ಆಕೀನ ಇವನ್ನ ನೋಡ್ಕೊಂತಾಳ" ಎಂದ. ನನಗೆ ಹಿಗ್ಗೋ ಹಿಗ್ಗು. ಅಲ್ಲಿಂದಲೇ ಬಸ್ಸು ಹಿಡಿದೆ.

ಸಿರುಗುಪ್ಪ ಮುಟ್ಟಿದಾಗ ಮಧ್ಯಾಹ್ನ. ಮಗಳು ಈರಮ್ಮ, ಮೂವತ್ತರ ಆಸುಪಾಸಿನವಳು, ಚಾಪೆ ಹಾಸಿ ಚಹಾ ಕೊಟ್ಟಳು. ಹುಸೇನಪ್ಪ ಗೋಡೆಗೆ ಒರಗಿ ಕೂತಿದ್ದ. ಕಲ್ಲಿನ ಚೂರು ಸಿಡಿದು ಒಂದು ಕಣ್ಣು ಹೋಗಿತ್ತು. ಯಾವ ಕಲ್ಲು ಜೋಳಕ್ಕೆ, ಯಾವುದು ಗೋಧಿಗೆ ಎಂದು ಬಹಳ ಹುರುಪಿನಿಂದ ಹೇಳಿದ. ನಿಮ್ಮ ಹೆಸರು ಸರ್ಕಾರಿ ಕಾಗದದಲ್ಲಿದೆ ಎಂದು ನಾನೇ ಬಾಯಿಬಿಟ್ಟೆ. ಅವನು ಚಹಾದ ಲೋಟ ಕೆಳಗಿಟ್ಟ.

"ನಮ್ಮವ್ವನ ಸುದ್ದಿ ಐತೇನ್ರಿ ಅದರಾಗ?" ಎಂದಳು ಈರಮ್ಮ. "ಓದ್ರಿ ಸರ. ಆಕಿ ಹೋದಾಗ ನಾ ತೊಟ್ಲ ಕೂಸು."

"ಬ್ಯಾಡವ್ವ, ಹಳೇದು" ಎಂದ ಹುಸೇನಪ್ಪ. ನಾನು ಆಗಲೇ ನೋಟ್‌ಬುಕ್ ತೆರೆದಿದ್ದೆ.

ಹೆಸರು, ತಂದೆಯ ಹೆಸರು, ಕಸುಬು ಓದಿದೆ. ಮುಂದೆ ನನ್ನದೇ ಕೈಬರಹದಲ್ಲಿ ಹೀಗಿತ್ತು: ಇಂಜಿನ್ ನಿಂತಿತ್ತು. ಬೆಲ್ಟಿನ ಕೆಳಗೆ ಬಿದ್ದ ಹಿಟ್ಟು ಬಳಿಯಲು ಮಾಲೀಕರೇ ತಿಪ್ಪಮ್ಮನನ್ನು ಒಳಗೆ ಇಳಿಸಿದರು. ಆಕೆ ಒಳಗಿರುವುದನ್ನು ಮರೆತು ಇಂಜಿನ್ನಿನ ಹ್ಯಾಂಡಲ್ ತಿರುವಿದರು. 'ತಡೀರಿ, ನಾ ಒಳಗ ಅದೀನಿ' ಎಂದು ಆಕೆ ಕೂಗಿದ್ದು ನನಗೆ ಕೇಳಿತು. ನಾನು ಮಾಲೀಕರ ಕೈ ಹಿಡಿದು ತಡೆಯಲಿಲ್ಲ.

ಈ ಸಾಲುಗಳನ್ನು ಬರೆದ ನೆನಪೇ ನನಗಿರಲಿಲ್ಲ.

ಹುಸೇನಪ್ಪ ಗೋಡೆ ಬಿಟ್ಟು ಮುಂದಕ್ಕೆ ಬಾಗಿದ. "ಇದನ್ನ ನಾ ಹೇಳಲಿಲ್ರಿ" ಎಂದ. "ಇಂಜಿನ್ ನಡದಿತ್ತು, ಆಕೀನ ಹೋಗಿ ಬಗ್ಗಿದ್ಲು ಅಂತ ಹೇಳಿದೆ. ಸಾಹುಕಾರ್ರು ಹಂಗ ಹೇಳಂದಿದ್ರು. ಕೂಗಿದ್ದು... ಅದನ್ನ ಇವತ್ತಿನ ತನಕ ಯಾರ ಮುಂದೂ ಅಂದಿಲ್ಲ. ನಿಮಗ್ಯಾರು ಹೇಳಿದ್ರು?"

ಈರಮ್ಮ ಅವನನ್ನೇ ನೋಡುತ್ತಿದ್ದಳು. "ಅವ್ವ ಕೂಗಿದ್ದು ನಿನಗ ಕೇಳಿತ್ತಾ, ಅಪ್ಪಾ?"

"ಕೇಳಿತ್ತವ್ವಾ."

ಅವಳು ಎದ್ದು ಒಳಗೆ ಹೋದಳು. ನಾನು ಹೊರಡುವವರೆಗೂ ಈಚೆ ಬರಲಿಲ್ಲ.

ಮರುದಿನ ದಾಖಲೆ ಕೊಠಡಿಯ ಬಾಗಿಲು ತೆರೆಯುವ ಮುಂಚೆಯೇ ಹೋಗಿ ನಿಂತೆ. ಕಡತ ತೆಗೆಸಿದೆ. ಹುಸೇನಪ್ಪ ಹೇಳಿದಂತೆಯೇ ಇತ್ತು: ಇಂಜಿನ್ ನಡೆದಿತ್ತು, ತಿಪ್ಪಮ್ಮ ತಾನಾಗಿ ಬಗ್ಗಿದಳು. ಕೂಗಿನ ಮಾತೇ ಇಲ್ಲ. ನನ್ನ ಪ್ರತಿಯಲ್ಲಿ ಮಾತ್ರ ಆ ಸಾಲುಗಳು, ಒಂದೊಂದಕ್ಕೂ ನನ್ನ ಟಿಕ್, ಕೆಳಗೆ ಶಾಮರಾಯರ ಸಹಿ. ನೋಟ್‌ಬುಕ್ ನನ್ನ ಚೀಲ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ರಾಯರು ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. "ನಾ ಓದಿದ್ದು ಕಡತದಾಗ ಇದ್ದದ್ದನ್ನ. ನೀವು ಟಿಕ್ ಹಾಕಿದ್ದು ಯಾವುದಕ್ರಿ ಮೇಷ್ಟ್ರ?" ಎಂದರು. ಆಮೇಲೆ ಅವರು ನನ್ನ ಯಾವ ಪ್ರತಿಗೂ ಸಹಿ ಮಾಡಲಿಲ್ಲ.

ದಣಿವಿನಲ್ಲಿ ಏನೋ ಕಲ್ಪಿಸಿಕೊಂಡು ಬರೆದೆನೇ? ಇರಬಹುದು. ಆದರೆ ಒಬ್ಬ ಮುದುಕ ಮೂವತ್ತು ವರ್ಷ ಎದೆಯಲ್ಲೇ ಇಟ್ಟುಕೊಂಡಿದ್ದ ಮಾತನ್ನು, ಅವನ ಮುಖವನ್ನೂ ಕಾಣದಿದ್ದ ನಾನು ಹೇಗೆ ಕಲ್ಪಿಸಲಿ?

ಮಳೆಗಾಲ ಮುಗಿಯುವಷ್ಟರಲ್ಲಿ ಹುಸೇನಪ್ಪ ಸತ್ತ. ಅಷ್ಟು ದಿನವೂ ಈರಮ್ಮ ಹೊತ್ತುಹೊತ್ತಿಗೆ ರೊಟ್ಟಿ ಬಡಿದು ಮುಂದಿಟ್ಟಳಂತೆ, ಒಂದು ಮಾತೂ ಆಡಲಿಲ್ಲವಂತೆ. ನಾನು ಆ ಪುಟ ತೆರೆಯದಿದ್ದರೆ ಅವನು ಅವಳ ಅಪ್ಪನಾಗಿಯೇ ಸಾಯುತ್ತಿದ್ದ. ಇದು ನನ್ನನ್ನು ಇಂದಿಗೂ ಕೊರೆಯುತ್ತದೆ.

ಕೆಲವು ವಾರಗಳ ನಂತರ ಅವಳು ನನ್ನ ಶಾಲೆ ಹುಡುಕಿಕೊಂಡು ಬಳ್ಳಾರಿಗೆ ಬಂದಳು. ಅವಳಿಗೆ ಓದು ಬಾರದು. "ನಮ್ಮವ್ವ ಅಂದಿದ್ದು ಎಲ್ಲಿ ಬರದೈತ್ರಿ? ತೋರಿಸ್ರಿ" ಎಂದಳು. ನಾನು ನೋಟ್‌ಬುಕ್ ತೆಗೆದು ಆ ಸಾಲು ತೋರಿಸಿದೆ. ಅವಳು ಮೊದಲಿನಿಂದ ಕೊನೆಯವರೆಗೆ ಮೆಲ್ಲಗೆ ಬೆರಳಾಡಿಸಿದಳು.

"ಬರದವ್ರು ಯಾರ್ರಿ ಇದನ್ನ?"

ಅಕ್ಷರ ನನ್ನದೇ. ಆದರೆ ನಾನು ಬರೆದೆ ಎನ್ನಲು ಅಂದು ಬಾಯಿ ಬರಲಿಲ್ಲ, ಇಂದಿಗೂ ಬರುವುದಿಲ್ಲ.