ಬಾಂದುಕಲ್ಲಿಲ್ಲದ ಮುನ್ನೂರ ತೊಂಬತ್ತು ಚದರಡಿ

ಎರಡು ತಿಂಗಳ ಹಿಂದೆ ಒಂದು ಭಾನುವಾರ ಬೆಳಗ್ಗೆ ನಮ್ಮಪ್ಪ ಅರಸೀಕೆರೆಯ ಅಪಾರ್ಟ್‌ಮೆಂಟೊಂದರ ಪಾರ್ಕಿಂಗ್ ಜಾಗದಲ್ಲಿ ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ ಇಟ್ಟು, ಇದು ನನ್ನ ಮಗಳ ಪಾಲು ಅಂತ ಸಾರಿಬಿಟ್ಟರು. ಆ ಮಗಳು ನಾನೇ. ನಾನು ಆಗ ಏನು ಮಾಡುತ್ತಿದ್ದೆ ಅಂತೀರಾ? ಲಿಫ್ಟಿನೊಳಗೆ ಹೋಗಿ ಮಾಯವಾಗೋಣ ಅಂತ ಬಟನ್ ಒತ್ತುತ್ತಿದ್ದೆ. (ಕರೆಂಟ್ ಇರಲಿಲ್ಲ.)

ಮೊದಲಿಂದ ಹೇಳುತ್ತೇನೆ. ಮದುವೆಯಾದಾಗಿನಿಂದ ನಾವು ಬಾಡಿಗೆ ಮನೆಯವರು. ಕೊನೆಗೂ ರೈಲ್ವೆ ಸ್ಟೇಷನ್ನಿಗೆ ಹತ್ತಿರ, ಹನ್ನೆರಡು ಮನೆಗಳ ಪುಟ್ಟ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ ಒಂದು ಫ್ಲ್ಯಾಟ್ ಸಿಕ್ಕಿತ್ತು. ಅದರ ಓನರ್ ಹಾಸನಕ್ಕೆ ಹೊರಟಿದ್ದರು. ಅಡುಗೆಮನೆ ಕಿಟಕಿಯಲ್ಲಿ ನಿಂತರೆ ರೈಲು ಕಾಣುತ್ತದೆ. ನಾನು ಬೇರೇನನ್ನೂ ನೋಡಲಿಲ್ಲ, ಕಿಟಕಿ ನೋಡಿಯೇ ಹೂಂ ಅಂದೆ. ಕ್ರಯಪತ್ರ ನನ್ನ ಹೆಸರಿಗೇ ಆಗಲಿ ಅಂದದ್ದು ನನ್ನ ಗಂಡ. (ಒಳ್ಳೆಯ ಮನುಷ್ಯ. ಒಮ್ಮೊಮ್ಮೆ.)

ಸೋಮವಾರ ರಿಜಿಸ್ಟ್ರೇಷನ್. ಅದಕ್ಕೆ ಮುಂಚೆ ಅಪ್ಪ ಬಂದು ನೋಡಿ ಒಪ್ಪಬೇಕು ಅಂತ ನಾನು ಹಟ ಹಿಡಿದೆ. ಅಪ್ಪ ಬೇಡ ಅಂದರೆ ಈ ಮನೆ ಬೇಡ ಅಂತಲೂ ಹೇಳಿಬಿಟ್ಟೆ. ಕಾನೂನಿಗೆ ಅವರ ಒಪ್ಪಿಗೆ ಬೇಕಿಲ್ಲ, ಗೊತ್ತು. ಆದರೆ ಬಸ್ತಿಹಳ್ಳಿಯಲ್ಲಿ ನಮ್ಮ ತೋಟ, ಹೊಲ ಅಣ್ಣಂದಿರಿಬ್ಬರಿಗೆ ಪಾಲಾದಾಗ ನಾನು ನಗುನಗುತ್ತಲೇ ಹಕ್ಕು ಬಿಟ್ಟು ಸಹಿ ಹಾಕಿದ್ದೆ. ನಾನು ಅದನ್ನು ಮರೆತೆ. ಅಪ್ಪ ಮರೆಯಲಿಲ್ಲ. ನಿನ್ನ ಹೆಸರಲ್ಲಿ ಒಂದಡಿ ಮಣ್ಣಿಲ್ಲವಲ್ಲ ಅಂತ ಪ್ರತಿ ಹಬ್ಬಕ್ಕೂ ಪೇಚಾಡುತ್ತಿದ್ದರು. ಆ ಪೇಚಾಟ ಮುಗಿಯಲಿ ಅನ್ನುವುದೇ ನನ್ನ ಆಸೆಯಾಗಿತ್ತು.

ಅಪ್ಪ ಒಂದು ಮೂಟೆ ತೆಂಗಿನಕಾಯಿ ಸಮೇತ ಬಸ್ಸಿಳಿದರು. ಫ್ಲ್ಯಾಟಿನ ಓನರ್ ಬಾಗಿಲು ತೆಗೆದು ಕರೆದದ್ದೇ ತಡ, ಟೈಲ್ಸ್, ಗೀಸರ್, ಮಾಡ್ಯುಲರ್ ಕಿಚನ್ ಎಲ್ಲ ತೋರಿಸಿದೆ. ಅಪ್ಪ ಯಾವುದಕ್ಕೂ ಹೂಂ ಇಲ್ಲ, ಉಹೂಂ ಇಲ್ಲ. ಪತ್ರ ಕೊಡು ಅಂದರು. ಕನ್ನಡಕ ಹಾಕಿಕೊಂಡು ಕ್ರಯಪತ್ರದ ಡ್ರಾಫ್ಟನ್ನು ಮೊದಲ ಸಾಲಿನಿಂದ ಓದತೊಡಗಿದರು. ಫ್ಲ್ಯಾಟ್ ಕೊಂಡವರಲ್ಲಿ ಎಷ್ಟು ಜನ ಅದನ್ನು ಪೂರ್ತಿ ಓದಿದ್ದೀರಿ? ನಾನಂತೂ ಓದಿರಲಿಲ್ಲ.

ಚಕ್ಕುಬಂದಿಗೆ ಬಂದಾಗ ಅಪ್ಪನ ಹುಬ್ಬು ಮೇಲೇರಿತು. ಜಮೀನಿಗಾದರೆ ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಕಾಲುವೆ ಅಂತಿರುತ್ತದೆ. ಇಲ್ಲಿ ಪೂರ್ವಕ್ಕೆ ಲಿಫ್ಟು, ಪಶ್ಚಿಮಕ್ಕೆ ಖಾಲಿ ಜಾಗ. ಎರಡನೇ ಮಹಡಿಯಲ್ಲಿ ಖಾಲಿ ಜಾಗ ಅಂದರೆ ಗಾಳಿ ತಾನೆ ಅಂತ ಕೇಳಿದರು. ಗಾಳಿಯೇ ಅಂತ ಒಪ್ಪಿಕೊಂಡೆ.

ಕೆಳಗೆ ಇನ್ನೊಂದು ಸಾಲಿತ್ತು. ಫ್ಲ್ಯಾಟಿನ ಜೊತೆಗೆ ನಿವೇಶನದಲ್ಲಿ ಮುನ್ನೂರ ತೊಂಬತ್ತು ಚದರಡಿ ಅವಿಭಜಿತ ಹಕ್ಕು. ಅಪ್ಪನ ಮುಖ ಅರಳಿತು. ಸದ್ಯ, ಮಗಳಿಗೆ ಮಣ್ಣೂ ಇದೆ!

"ಎಲ್ಲೈತವ್ವ ಅದು? ತೋರ್ಸು."

ಹಾಗೆ ತೋರಿಸೋಕೆ ಬರಲ್ಲ ಮಾವ, ಅದು ಕಾಗದದ ಮೇಲಿನ ಪಾಲು ಅಂತ ನನ್ನ ಗಂಡ ವಿವರಿಸಲು ಹೋದ. ಕಾಗದದಲ್ಲಿದ್ದ ಮೇಲೆ ನೆಲದ ಮೇಲೂ ಇರಲೇಬೇಕಲ್ಲ ಅನ್ನುವುದು ಅಪ್ಪನ ವಾದ. ಬಾಂದುಕಲ್ಲು ಇಲ್ಲದ ಜಮೀನನ್ನು ನಾಳೆ ಯಾರಾದರೂ ಒತ್ತುವರಿ ಮಾಡಿದರೆ? ತೆಂಗಿನಕಾಯಿ ಮೂಟೆ ಕಟ್ಟಿದ್ದ ಹಗ್ಗ ಬಿಚ್ಚಿಕೊಂಡು ಕೆಳಗಿಳಿದೇಬಿಟ್ಟರು. ಉದ್ದ ಇಪ್ಪತ್ತು ಮೊಳ, ಅಗಲ ಒಂಬತ್ತು ಮೊಳಕ್ಕೆ ಚೂರು ಕಮ್ಮಿ. ಗೇಟಿನ ಪಕ್ಕದಲ್ಲೇ ಅಳೆದರು. ಮೂಲೆಯಲ್ಲಿ ಬಿದ್ದಿದ್ದ ಇಟ್ಟಿಗೆಗಳೇ ಬಾಂದುಕಲ್ಲಾದವು.

ಆ ಇಟ್ಟಿಗೆಗಳ ನಡುವೆ ಒಂದು ಸ್ಕೂಟರ್ ನಿಂತಿತ್ತು. ಸ್ಕೂಟರಿನ ಓನರ್ ರಂಗಸ್ವಾಮಿಯವರು. ಗ್ರೌಂಡ್ ಫ್ಲೋರಿನವರು, ರೈಲ್ವೆಯಲ್ಲಿ ಗಾರ್ಡ್ ಆಗಿ ರಿಟೈರ್ ಆದವರು, ಮುಖ್ಯವಾಗಿ ನಿವಾಸಿಗಳ ಸಂಘದ ಅಧ್ಯಕ್ಷರು. ಸಂಘದ ಅಭ್ಯಂತರವಿಲ್ಲ ಅಂತ ಅವರು ಸಹಿ ಹಾಕದಿದ್ದರೆ ಮನೆ ನಮ್ಮ ಹೆಸರಿಗಾಗುವುದಿಲ್ಲ. ಸಹಿ ಇನ್ನೂ ಆಗಿರಲಿಲ್ಲ. ನ್ಯೂಸ್ ಪೇಪರ್ ಹಿಡಿದು ಹೊರಗೆ ಬಂದವರು ಇಟ್ಟಿಗೆ ನೋಡಿದರು, ಹಗ್ಗ ನೋಡಿದರು, ಅಪ್ಪನನ್ನು ನೋಡಿದರು.

"ನನ್ ಮಗಳ ಪಾಲು. ನಿಮ್ ಗಾಡಿ ಒಸಿ ಆಚೆಗೆ ಹಾಕ್ಕಳಿ ಸ್ವಾಮಿ" ಅಂದರು ಅಪ್ಪ, ಬಹಳ ಮರ್ಯಾದೆಯಿಂದ.

ನಾನು ಲಿಫ್ಟಿನ ಬಟನ್ ಒತ್ತಿದ್ದು ಆಗಲೇ. ರಂಗಸ್ವಾಮಿಯವರು ಸರ್ರನೆ ತಿರುಗಿ ಒಳಗೆ ಹೋದರು. ಮುಗಿಯಿತು ಅಂದುಕೊಂಡೆ. ಮನೆ ಕೊಳ್ಳುವ ಮೊದಲೇ ಒತ್ತುವರಿ ಮಾಡಿದ ಹೆಂಗಸು ಅಂತ ಊರೆಲ್ಲ ಹೆಸರಾಗುತ್ತದೆ, ಕಿಟಕಿಯೂ ಹೋಯಿತು, ರೈಲೂ ಹೋಯಿತು. ನಿಜವಾಗಿ ಕಣ್ಣಲ್ಲಿ ನೀರು ಬಂತು.

ಎರಡು ನಿಮಿಷಕ್ಕೆ ಅವರು ವಾಪಸ್ ಬಂದರು. ಕೈಯಲ್ಲಿ ಅವರ ಮನೆ ಪತ್ರದ ಫೈಲು!

"ಇಷ್ಟು ವರ್ಷದಲ್ಲಿ ನನಗಿದು ಹೊಳೆದೇ ಇಲ್ಲ. ನಂದೆಲ್ಲಿ ಬರುತ್ತೆ, ಅಳೀರಿ ಯಜಮಾನ್ರೇ."

ಆಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು. ಮೊದಲ ಮಹಡಿಯ ನರ್ಸಮ್ಮ ನೈಟಿಯ ಮೇಲೆ ಟವೆಲ್ ಹೊದ್ದುಕೊಂಡೇ ಪತ್ರ ತಂದರು. ಮೇಲಿನ ಮಹಡಿಯ ಕೊಬ್ಬರಿ ವ್ಯಾಪಾರಿ, ಹೆಂಡತಿ ಸಮೇತ ಓಡಿ ಬಂದರು. ಅಪ್ಪ ಅಳೆದರು, ಮಕ್ಕಳು ಸೀಮೆಸುಣ್ಣದಲ್ಲಿ ಗೆರೆ ಎಳೆದರು. ರಂಗಸ್ವಾಮಿಯವರಿಗೆ ಬಂದದ್ದು ಮೋಟರ್ ರೂಮು. ನರ್ಸಮ್ಮನ ಪಾಲು ಪೂರ್ತಿ ನೀರಿನ ಸಂಪಿನ ಮೇಲೆ. ಬೇಸಿಗೆಯಲ್ಲಿ ನನ್ನನ್ನ ಕೇಳದೆ ಯಾರೂ ನೀರು ಮುಟ್ಟಬೇಡಿ ಅಂತ ಅವರು ಸೊಂಟದ ಮೇಲೆ ಕೈಯಿಟ್ಟು ನಿಂತರು. ಕೊಬ್ಬರಿ ವ್ಯಾಪಾರಿಗೆ ಗೇಟೇ ಸಿಕ್ಕಿತು, ಇನ್ನು ಒಳಗೆ ಬರುವವರೆಲ್ಲ ನನಗೆ ನಮಸ್ಕಾರ ಹೊಡೆದು ಬರಬೇಕು ಅಂದರು. ಅಷ್ಟಕ್ಕೇ ಜಾಗ ಮುಗಿದಿತ್ತು. ಮಿಕ್ಕ ಎಂಟು ಮನೆಯವರ ಮಣ್ಣೆಲ್ಲ ಬಿಲ್ಡಿಂಗಿನ ಅಡಿಯಲ್ಲಿ. ನಗು ತಡೆಯಲಾರದೆ ಒಬ್ಬರು ಕೆಳಗೇ ಕೂತುಬಿಟ್ಟರು. ಸಂಘದ ಮೀಟಿಂಗಿಗೆ ಇಷ್ಟು ಜನ ಯಾವತ್ತೂ ಸೇರಿರಲಿಲ್ಲವಂತೆ.

ಅಪ್ಪ ಮಾತ್ರ ನಗಲಿಲ್ಲ. ಹಗ್ಗ ಸುತ್ತುತ್ತಾ ಮೆಟ್ಟಿಲ ಮೇಲೆ ಕೂತರು. ಈ ಮನೆ ಬೇಡ ಅಂದೇಬಿಡುತ್ತಾರೆ ಅಂದುಕೊಂಡೆ. ತೋರಿಸಲು ಮಣ್ಣಿಲ್ಲ ಅಂತ ಈಗ ಎಲ್ಲರೆದುರೇ ಸಾಬೀತಾಗಿತ್ತಲ್ಲ.

ಅಪ್ಪ ರಂಗಸ್ವಾಮಿಯವರನ್ನು ಕೇಳಿದರು: "ಹಂಗಾದ್ರೆ ಇದನ್ನ ಯಾರೂ ಯಾವತ್ತೂ ಪಾಲು ಮಾಡಕ್ಕಾಗಕಿಲ್ವಾ?"

ಆಗಲ್ಲ ಅಂದರು ಅವರು.

"ಜಗಳ ಆದ್ರೆ?"

"ಜಗಳ ಪ್ರತಿ ತಿಂಗಳೂ ಆಗುತ್ತೆ ಯಜಮಾನ್ರೇ. ನೀರಿಗೆ, ಕಸಕ್ಕೆ, ಪಾರ್ಕಿಂಗಿಗೆ. ಪಾಲು ಮಾತ್ರ ಆಗೋಕೆ ಬರಲ್ಲ. ಎಷ್ಟು ಜಗಳಾಡಿದ್ರೂ ಇದೇ ಮೆಟ್ಟಿಲು ಹತ್ತಬೇಕು."

ಅಪ್ಪ ಸುತ್ತಿದ ಹಗ್ಗವನ್ನು ಪಕ್ಕಕ್ಕಿಟ್ಟರು. ನಮ್ಮೂರ ಮನೆಯ ಹಜಾರದ ನಡುವೆ ಈಗೊಂದು ಗೋಡೆಯಿದೆ. ಗೋಡೆಯ ಆಚೆ ಒಬ್ಬ ಅಣ್ಣ, ಈಚೆ ಒಬ್ಬ. ಜಗಳ ಬಂದದ್ದು ಒಂದೇ ಸಲ, ಗೋಡೆ ಎದ್ದದ್ದು ಅದೇ ವಾರ. ಅದನ್ನು ಕಟ್ಟಿಸಲು ನಿಂತವರು ಅಪ್ಪನೇ.

"ತಗೊಳವ್ವ" ಅಂದರು. "ಕಿತ್ತಾಡ್ಕಂಡೂ ಒಂದಾಗಿರೋ ಮನೆ ನಮ್ಮೂರಲ್ಲಿ ಒಂದೂ ಉಳ್ದಿಲ್ಲ."

ನನಗೆ ಆದ ಸಂತೋಷವನ್ನು ಹೇಗೆ ಬರೆಯಲಿ? ಅಪ್ಪನ ಪಕ್ಕ ಕೂತು ಅವರ ತೋಳು ಹಿಡಿದುಕೊಂಡೆ. ರಂಗಸ್ವಾಮಿಯವರು ಸ್ಕೂಟರಿನ ಸೀಟಿನ ಮೇಲೇ ಕಾಗದ ಇಟ್ಟು ಸಹಿ ಹಾಕಿದರು. ಹನ್ನೆರಡು ಮನೆಗೂ ಎರಡೆರಡು ತೆಂಗಿನಕಾಯಿ ಹಂಚಿ ಅಪ್ಪ ಮಧ್ಯಾಹ್ನದ ಬಸ್ಸು ಹತ್ತಿದರು.

ಈಗ ನಾವು ಅಲ್ಲೇ ಇದ್ದೇವೆ. ಕಳೆದ ಭಾನುವಾರದ ಮೀಟಿಂಗಿನಲ್ಲಿ ಟೆರೇಸಿನ ಬಟ್ಟೆ ತಂತಿಯ ವಿಷಯಕ್ಕೆ ಕೊಬ್ಬರಿ ವ್ಯಾಪಾರಿಯ ಹೆಂಡತಿಗೂ ನನಗೂ ಜೋರು ಜಟಾಪಟಿ ನಡೆಯಿತು. ನಾನೇನು ಕಡಿಮೆಯೇ? ಅರ್ಧ ಗಂಟೆ ಗಂಟಲು ಹರಿಯುವಂತೆ ವಾದ ಮಾಡಿದೆ. ಸೋಮವಾರ ಬೆಳಗ್ಗೆ ಅವರು ಹಿತಕಿದವರೆ ಸಾರಿನ ಪಾತ್ರೆ ಹಿಡಿದು ಬಾಗಿಲು ತಟ್ಟಿದರು, ಮುಖ ಇನ್ನೂ ಊದಿಕೊಂಡೇ ಇತ್ತು. ಸಾರು ಬೊಂಬಾಟಾಗಿತ್ತು. ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಅಪ್ಪನಿಗೆ ಖುಷಿಯೋ ಖುಷಿ.

ಅಂದಹಾಗೆ, ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ತಂತಮ್ಮ ಪಾಡಿಗೆ ಬಾಗಿಲು ಹಾಕಿಕೊಂಡು ತಣ್ಣಗಿದ್ದಾರೆಯೇ, ಅಥವಾ ಆಗಾಗ ಜಗಳವಾಡುವಷ್ಟಾದರೂ ಚೆನ್ನಾಗಿದ್ದೀರಾ?