ಗಟ್ಟಿಯಾಗದ ಹುಗ್ಗಿ

ನಮ್ಮ ಹೊಸಪೇಟೆಯಲ್ಲಿ ಗೋಧಿ ಒಲೆಯ ಮೇಲಿದೆ ಎಂದರೆ ಅದು ಹುಗ್ಗಿ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಗೋಧಿ ಬಿಯರ್ ಮಾಡುವ ವಿಡಿಯೊ ನೋಡಿದ ಮೇಲೆ ಮನುಷ್ಯನಿಗೆ ಇದ್ದ ಬುದ್ಧಿಯೂ ಉಳಿಯುವುದಿಲ್ಲ.

ಮೊದಲು ಗೋಧಿಯನ್ನು ಮೊಳಕೆ ಬರಿಸಿ ಒಣಗಿಸಬೇಕು. ಒಣಗಿಸುವುದರಲ್ಲಿ ನಮ್ಮೂರಿನ ಬಿಸಿಲನ್ನು ಮೀರಿಸುವವರಿಲ್ಲ. ಆದರೂ ಅವ್ವನ ಕಣ್ಣು ತಪ್ಪಿಸಲು ಸಂಡೂರು ಕಡೆಯ ವಡ್ಡು ಎಂಬ ಹಳ್ಳಿಯಲ್ಲಿ ಗೆಳೆಯನ ಮಾಳಿಗೆಯ ಮೇಲೆ ಹರವಿದೆ. ಅದಿರಿನ ಲಾರಿಗಳು ಓಡಾಡುವ ದಾರಿ. ವಿಡಿಯೊದಲ್ಲಿ ಬಂಗಾರದ ಬಣ್ಣವಿದ್ದ ಗೋಧಿ ನನ್ನ ಕೈಗೆ ಇಟ್ಟಿಗೆ ಬಣ್ಣದಲ್ಲಿ ಬಂತು. ಜಾಡಿಸಿದೆ, ಜರಡಿ ಹಿಡಿದೆ. ಉಳಿದದ್ದನ್ನು ಕಬ್ಬಿಣದ ಅಂಶವೆಂದು ಒಪ್ಪಿಕೊಂಡೆ.

ಅವ್ವ ಕಂಪ್ಲಿಗೆ, ದೊಡ್ಡಪ್ಪನ ಮನೆಗೆ ಹೋದ ಭಾನುವಾರ ಮುಹೂರ್ತವಿಟ್ಟೆ. ದೊಡ್ಡಪ್ಪನಿಗೆ ಅಲ್ಲಿ ಅಕ್ಕಿ ಗಿರಣಿಯಿದೆ. ಹಮಾಲರಿಂದ ಬೀಗರವರೆಗೆ ಯಾರೇ ಎದುರಾದರೂ ಅವರು ಮೊದಲು ಬಾಯಿಯ ವಾಸನೆ ನೋಡುತ್ತಾರೆ. ಬಾಟಲಿ ಸಮೇತ ಸಿಕ್ಕಿಬಿದ್ದ ಅವರ ಸ್ವಂತ ಮಗ ಬಸಣ್ಣ ಇವತ್ತಿಗೂ ಗಿರಣಿಯಲ್ಲೇ ಮಲಗುತ್ತಾನೆ. ಮನೆಯಿಂದ ಹೊರಹಾಕಿದರೆ ಮಲಗಲು ನನಗೆ ಗಿರಣಿಯೂ ಇಲ್ಲ.

ಕುಟ್ಟಿದ ಮೊಳಕೆ ಗೋಧಿಯನ್ನು ಬಿಸಿನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಕಲಕುತ್ತಿದ್ದರೆ ಒಳಗಿನ ಹಿಟ್ಟೆಲ್ಲ ಕರಗಿ ಸಿಹಿನೀರಾಗುತ್ತದೆ. ಆಮೇಲೆ ಸೋಸಿ, ಕುದಿಸಿ, ಆರಿಸಿ ಯೀಸ್ಟ್ ಹಾಕಿಟ್ಟರೆ ಅದು ಹುದುಗಿ ಬಿಯರ್ ಆಗುತ್ತದೆ. ಕಲಕುವವನಿಗೆ ಯೋಚನೆಗಳು ಬರುತ್ತವೆ. ಹಂಪಿಯ ಶಿಲ್ಪಿಗಳು ಆನೆ, ಕುದುರೆ, ಒಂಟೆ, ಕೋಲಾಟ ಎಲ್ಲವನ್ನೂ ಕೆತ್ತಿದರು. ದಿನವಿಡೀ ಆ ಬಿಸಿಲಲ್ಲಿ ಉಳಿ ಹಿಡಿದವರು ಸಂಜೆ ಏನು ಕುಡಿಯುತ್ತಿದ್ದರೆಂದು ಮಾತ್ರ ಕೆತ್ತಲಿಲ್ಲ. ಬಹುಶಃ ಅವರಿಗೂ ಒಬ್ಬ ದೊಡ್ಡಪ್ಪನಿದ್ದ.

ಇಲ್ಲಿಗೆ ಯೋಚನೆ ಬರುವಾಗ ಬಾಗಿಲು ತೆರೆಯಿತು. ಸಂಜೆ ಬರಬೇಕಿದ್ದ ಅವ್ವ ಮಧ್ಯಾಹ್ನವೇ ಬಂದಿದ್ದಳು, ದೊಡ್ಡಪ್ಪನ ಕಾರಿನಲ್ಲಿ, ದೊಡ್ಡಪ್ಪನ ಸಮೇತ.

"ಹುಗ್ಗಿ ಮಾಡಾಕ ಹತ್ತಿಯೇನ್ಲೇ?" ಅವ್ವ ಕೇಳಿದಳು.

ನನಗೆ ಬರುವ ಎಲ್ಲ ಭಾಷೆಗಳಲ್ಲೂ ಅದಕ್ಕೆ ಒಂದೇ ಉತ್ತರವಿತ್ತು. ಹೌದು ಎಂದೆ. ಮಗ ತಾನಾಗಿ ಒಲೆ ಹಚ್ಚಿದ್ದಕ್ಕೆ ಅವ್ವನ ಕಣ್ಣು ತುಂಬಿತು. ಬೆಲ್ಲ, ಏಲಕ್ಕಿ, ಗಸಗಸೆ, ಕೊಬ್ಬರಿ ನನ್ನ ಬಿಯರಿನೊಳಗೆ ಬಿದ್ದವು. ದೊಡ್ಡಪ್ಪ ಅಡುಗೆಮನೆ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕುಳಿತರು. ಯೀಸ್ಟಿನ ಪೊಟ್ಟಣ ನನ್ನ ಅಂಗಿಯ ಜೇಬಿನಲ್ಲಿತ್ತು.

ಹುಗ್ಗಿ ಗಟ್ಟಿಯಾಗಲಿಲ್ಲ. ಹಿಟ್ಟನ್ನೆಲ್ಲ ನಾನಾಗಲೇ ನೀರು ಮಾಡಿಬಿಟ್ಟಿದ್ದೆ. ಇದು ವಿಜ್ಞಾನ, ಹೇಳುವಂತಿರಲಿಲ್ಲ. ಅವ್ವ ಉರಿ ಹೆಚ್ಚಿಸಿದಳು, ಸೌಟು ಬದಲಿಸಿದಳು. "ಎಂಥಾ ಗೋದಿಲೇ ಇದು, ಎಷ್ಟು ಬೇಯಿಸಿದ್ರೂ ಬುದ್ಧಿ ಬರವಲ್ದು" ಎಂದಳು, ನನ್ನನ್ನೇ ನೋಡುತ್ತ.

ಕೊನೆಗೆ ಲೋಟಕ್ಕೆ ಹಾಕಿ ಕೊಟ್ಟಳು. ದೊಡ್ಡಪ್ಪ ಅಭ್ಯಾಸದಂತೆ ಮೊದಲು ಮೂಸಿದರು. ಬಸಣ್ಣನ ಪಕ್ಕ ಇನ್ನೊಂದು ಚಾಪೆ ನನ್ನ ಕಣ್ಣಿಗೆ ಕಂಡಿತು. ಅವರು ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು. ಲೋಟ ಖಾಲಿ ಮಾಡಿ ಮುಂದೆ ಚಾಚಿದರು.

"ಮಸ್ತ್ ಐತಿ. ಬಸ್ಯಾಗೂ ಒಂದು ಡಬ್ಬಿ ಕಟ್ಟವ್ವ. ಕುಡಿಯೋದಿದ್ರ ಇಂಥಾದ್ದು ಕುಡೀಬೇಕು."

ಡಬ್ಬಿ ತುಂಬಿಸಿ ಮುಚ್ಚಳ ಹಾಕುವ ಕೆಲಸವನ್ನು ಅವ್ವ ನನಗೇ ಕೊಟ್ಟಳು. ಕೈ ತಾನಾಗಿಯೇ ಜೇಬಿನ ಯೀಸ್ಟಿನವರೆಗೆ ಹೋಯಿತು. ದೊಡ್ಡಪ್ಪ ನೋಡುತ್ತಿದ್ದರು. ಅಲ್ಲೇ ಎದೆ ಕೆರೆದುಕೊಂಡು ಮುಚ್ಚಳ ಹಾಕಿದೆ.

ನಮ್ಮ ಕಡೆ ಬಹಳಷ್ಟು ಒಳ್ಳೆಯತನ ಹೀಗೇ ಉಳಿದುಕೊಂಡು ಬಂದಿದೆ.