ಬಿಸಿಲಂಗಳದ ಗ್ರೀಕ್ ಪಾಠ

ಇಂದು ಬೆಳಿಗ್ಗೆ ನವನಗರದ ಲ್ಯಾಬಿನವರು ಕೈಗಿಟ್ಟ ನನ್ನ ರಕ್ತಪರೀಕ್ಷೆಯ ಚೀಟಿಯಲ್ಲಿ ಡಯಾಬಿಟಿಸ್ ಎಂಬ ಶಬ್ದವಿತ್ತು. ನಿಮಗಾದರೆ ಎದೆ ಧಸಕ್ಕೆನ್ನುತ್ತಿತ್ತು. ನನಗೆ ಮೊದಲು ಬಂದದ್ದು ಸಿಟ್ಟು. ಆ ಶಬ್ದ ನಮ್ಮ ಕಾಕಾನದು.

ಕಾಕಾ ಹುನಗುಂದದಲ್ಲಿ ವಿಜ್ಞಾನದ ಮಾಸ್ತರರಾಗಿದ್ದವರು. ಇಂಗ್ಲಿಷ್ ಶಬ್ದ ಕಂಡರೆ ಅದರ ಬೇರು ಅಗೆಯದೆ ಊಟಕ್ಕೆ ಏಳುವವರಲ್ಲ. ತಮಗೇ ಸಕ್ಕರೆ ಕಾಯಿಲೆ ಬಂದಾಗಲಂತೂ ಅವರಿಗೆ ಹಬ್ಬ. ನೋಡಲು ಬಂದವರನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ, ಕಟ್ಟೆಯ ಮೇಲೆ ತುಂಬಿದ ಕೊಡ, ಕೆಳಗೆ ಖಾಲಿ ಬಕೆಟ್ಟು ಇಟ್ಟು, ರಬ್ಬರ್ ಪೈಪನ್ನು ಬಾಯಿಂದ ಎಳೆದು ನೀರು ಹರಿಸುತ್ತಿದ್ದರು. ಗ್ರೀಕಿನಲ್ಲಿ ಡಯಾಬಿಟಿಸ್ ಎಂದರೆ ಹಾಯ್ದು ಹೋಗುವುದಂತೆ, ಇಂಥ ಪೈಪಿಗೂ ಅದೇ ಹೆಸರಂತೆ. ಕುಡಿದ ನೀರು ಮೈಯಲ್ಲಿ ನಿಲ್ಲದೆ ಹೀಗೇ ಹರಿದುಹೋಗುತ್ತದಂತೆ. ಡಾಕ್ಟರರು ಅದಕ್ಕೆ ಅಂಟಿಸುವ ಬಾಲ ಮೆಲಿಟಸ್ ಲ್ಯಾಟಿನ್ನು, ಜೇನಿನ ಸಿಹಿ. ಜೇನು ಎನ್ನುವಾಗ ಅವರ ಕೈ ತಾನಾಗಿ ಬೆಲ್ಲದ ಕರದಂಟಿನ ಡಬ್ಬಿಗೆ ಹೋಗುತ್ತಿತ್ತು. ಪ್ರತಿ ಸಲ ಕೊಡ ತುಂಬಿ ತರುವ ಭಾಗ್ಯ ನನ್ನದು.

ಗುಳಿಗೆ ನುಂಗಿರಿ, ಚಪ್ಪಲಿ ಹಾಕಿರಿ ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು. ತುಳಸಿಕಟ್ಟೆಯ ಅಂಗಳದಲ್ಲಿ ಚಪ್ಪಲಿ ಮೆಟ್ಟುವುದು ಅವರಿಗೆ ಆಗದ ಮಾತು. ಗುಳಿಗೆಯ ಮಾತೆತ್ತಿದರೆ, "ಮೂಲ ತಿಳಕೊಂಡವಗ ರೋಗ ಏನ್ ಮಾಡ್ತದಲೇ?" ಎನ್ನುತ್ತಿದ್ದರು.

ಒಂದು ಬೇಸಿಗೆಯ ಮಧ್ಯಾಹ್ನ ಗುಡೂರಿನಿಂದ ಹಳೆಯ ಶಿಷ್ಯರಿಬ್ಬರು ಬಂದರು. ಅವರಿಗೂ ಪಾಠ. ಇಳಕಲ್ಲಿನ ಕೆಂಪು ಕಲ್ಲು ಹಾಸಿದ ಅಂಗಳ ಹಂಚಿನಂತೆ ಕಾದಿತ್ತು. ಎರಡು ಕೊಡ ಖಾಲಿಯಾಗುವ ತನಕ ಕಾಕಾ ಅದರ ಮೇಲೆ ಬರಿಗಾಲಲ್ಲಿ ನಿಂತರು. ನಾನು ನೆರಳಿನಲ್ಲಿ ನಿಂತು, ಈ ಪಾಠ ಎಂದು ಮುಗಿಯುವುದೋ ಎಂದು ಹಲ್ಲು ಕಡಿಯುತ್ತಿದ್ದೆ. ಸಂಜೆ ನೋಡಿದರೆ ಅಂಗಾಲ ತುಂಬ ಗುಳ್ಳೆಗಳು. ಗಾಯ ಮಾಯಲೇ ಇಲ್ಲ. ಸಕ್ಕರೆಯಿಂದ ಪಾದದ ಸ್ಪರ್ಶವೇ ಸತ್ತಿದೆ ಎಂದು ಹೇಳಿ, ಬಾಗಲಕೋಟೆಯ ದವಾಖಾನೆಯಲ್ಲಿ ಕಾಲಿನ ಎರಡು ಬೆರಳು ತೆಗೆದರು.

ಪಟ್ಟಿ ಕಟ್ಟಿದ ಕಾಲನ್ನು ನೋಡುತ್ತ ಕಾಕಾ ಅಂದರು: "ಸುಟ್ಟಿದ್ದು ನನಗ ಗೊತ್ತಾಗಲಿಲ್ಲೋ. ನೀ ನೆರಳಾಗ ನಿಂತಿದ್ದಿ. ಒಂದು ಮಾತು ಒಳಗ ಕರೀಬೇಕಿತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಂದಿನಿಂದ ನನಗೆ ಅವರಿಗಿಂತ ನನ್ನ ಮೇಲೇ ಹೆಚ್ಚು ಸಿಟ್ಟು.

ಈಗ ಮನೆಗೆ ಬಂದು ಚೀಟಿಯನ್ನು ಹೆಂಡತಿಯ ಕೈಗೆ ಕೊಟ್ಟೆ. ಓದಿ ಅಲ್ಲೇ ನೆಲದ ಮೇಲೆ ಕುಳಿತಳು. ಅವಳಿಗೆ ಧೈರ್ಯ ಹೇಳಬೇಕೆಂದು ಬಾಯಿ ತೆರೆದರೆ, ನಂಬಿ, ನಾಲಿಗೆಯ ತುದಿಗೆ ಬಂದದ್ದು ಗ್ರೀಕು. ನುಂಗಿಕೊಂಡೆ. ಚಪ್ಪಲಿ ಕಳಚಿ, ನಾಚಿಕೆ ಬಿಟ್ಟು, ಅವಳ ಮುಂದೆ ಕಾಲು ಚಾಚಿದೆ.

"ದಿನಾ ಒಮ್ಮೆ ನನ್ನ ಅಂಗಾಲು ನೋಡು," ಅಂದೆ. "ನನಗ ಗೊತ್ತಾಗೂದಿಲ್ಲ."